ಕಾರ್ಕಳದ ಪೆಟ್ಟಿಗೆ, ಕಾಪುವಿನ ಕೀಲಿ

ಕಾಪು
೧೪ ಆಗಸ್ಟ್ ೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ಚಿನ್ಮಯ,

ಬರೆಯುತ್ತೇನೆ ಎಂದು ಹೇಳಿ ಎಷ್ಟೋ ವಾರಗಳಾದವು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ನಿನ್ನ ಊಟದ ಹೊತ್ತು ಮುಗಿಯುತ್ತದೆ, ಇಲ್ಲವೇ ನಮ್ಮ ಮಗಳು ಅಳುತ್ತಾಳೆ. ವಾಯ್ಸ್ ಮೆಸೇಜನ್ನು ನೀನು ಎರಡು ಪಟ್ಟು ವೇಗದಲ್ಲಿ ಕೇಳುವುದು ನನಗೆ ಗೊತ್ತುಂಟು. ಶನಿವಾರ ಜೋಯ್‌ಸ್ಟನ್ ರಜೆ ಮುಗಿಸಿ ಕುವೈತಿಗೆ ಮರಳುತ್ತಾನೆ. ನಿನ್ನ ಅಮ್ಮ ಕಟ್ಟಿಕೊಡುವ ಹಪ್ಪಳ, ಮಿಡಿ ಉಪ್ಪಿನಕಾಯಿಯ ಜೊತೆ ಇದೂ ಬರುತ್ತದೆ. ನಿಧಾನವಾಗಿ ಓದು.

ಮಾನ್ಯಾಳಿಗೆ ಮೇಲಿನ ಹಲ್ಲೂ ಬರುತ್ತಿದೆ. ರಾತ್ರಿಯೆಲ್ಲ ಏಳುತ್ತಾಳೆ, ಅವಳು ಏಳದಿದ್ದರೆ ಉಸಿರಾಡುತ್ತಿದ್ದಾಳಾ ಎಂದು ನೋಡಲು ನಾನೇ ಏಳುತ್ತೇನೆ. "ಬಾಲೆಗಿಂತ ನಿನ್ನದೇ ಉಪದ್ರ ಮಾರಾಯ್ತಿ, ನಿನ್ನನ್ನೇ ತೊಟ್ಟಿಲಿಗೆ ಹಾಕಿ ತೂಗಬೇಕು" ಎನ್ನುತ್ತಾರೆ ಅತ್ತೆ. ನಿನ್ನೆ ಉಡುಪಿಯಲ್ಲಿ ಪೆರ್ಡೂರಿನ ಬಸ್ಸು ಹತ್ತಿದವಳು ಕೂತಲ್ಲೇ ನಿದ್ದೆ ಹೋದೆ. ಆಫೀಸಿನ ಸ್ಟಾಪೂ ಕಳೆದು ಪರ್ಕಳ ದಾಟಿದ ಮೇಲೆ ಕಂಡಕ್ಟರ್ ಎಬ್ಬಿಸಿದ: "ಅಕ್ಕ, ನೀವು ಟಿಕೆಟ್ ತೆಗೆದದ್ದು ಮಣಿಪಾಲಕ್ಕಲ್ವಾ?"

ಇಂಥವಳ ಮಾತನ್ನು ಆಫೀಸಿನಲ್ಲಿ ಯಾಕೆ ನಂಬಬೇಕು ಎಂದು ನಿನಗೂ ಅನ್ನಿಸಬಹುದು. ಆದರೆ ಈ ಸಲ ನಂಬದಿದ್ದರೆ ನನ್ನ ಕೆಲಸ ಹೋಗುತ್ತದೆ. ಮೊದಲಿನಿಂದ ಹೇಳುತ್ತೇನೆ.

ಕ್ಲಿನಿಕ್ಕುಗಳಿಗೆಂದು ನಮ್ಮ ಆಫೀಸಿನಲ್ಲಿ ಮಾಡುವ, ಮಕ್ಕಳ ಸ್ಕ್ಯಾನ್ ಓದುವ ಪೆಟ್ಟಿಗೆಯೊಳಗೆ ಒಂದು ಕಂಪ್ಯೂಟರು, ದೊಡ್ಡ ದೊಡ್ಡ ಲೆಕ್ಕ ಮಾಡಲು ಒಂದು ಆಕ್ಸಿಲರೇಟರ್ ಕಾರ್ಡು. ಚಿತ್ರ ಕಂಪ್ಯೂಟರಿನಿಂದ ಕಾರ್ಡಿಗೆ ದಾಟುವಾಗ ನಡುವೆ ಯಾರೂ ಓದದ ಹಾಗೆ ಗೂಢಲಿಪಿಯಲ್ಲಿ ದಾಟಬೇಕು. ಮೊದಲು ಕಾರ್ಡು ತಾನು ಅಸಲಿ ಎಂದು ರುಜುವಾತು ಕೊಡಬೇಕು. ಆಮೇಲೆ ಎರಡೂ ಸೇರಿ ಆ ಗೂಢಲಿಪಿಗೆ ಹೊಸದೊಂದು ಕೀಲಿ ಮಾಡಿಕೊಳ್ಳಬೇಕು. ಪೆಟ್ಟಿಗೆ ಆಫ್ ಆದರೆ ಆ ಕೀಲಿ ಸಾಯಬೇಕು, ಮತ್ತೆ ಆನ್ ಆದರೆ ಬೇರೆಯದು ಹುಟ್ಟಬೇಕು.

ನಾನು ಹೆರಿಗೆ ರಜೆಯಲ್ಲಿದ್ದಾಗ, ಕರೆಂಟು ಹೋಗಿ ಬಂದಾಗಲೆಲ್ಲ ಈ ಎರಡರ ಮಾತುಕತೆ ಕೆಟ್ಟು ನಿಲ್ಲುತ್ತಿತ್ತಂತೆ. ಡೆಮೊ ಹತ್ತಿರ ಬಂದಿತ್ತು. ನನ್ನ ಪಕ್ಕದ ಸೀಟಿನ ರೋನಿ, ಪಾಪ, ಸದ್ಯಕ್ಕೆಂದು ಎಂದೂ ಬದಲಾಗದ ಒಂದೇ ಕೀಲಿಯನ್ನು ಒಳಗೆ ಬರೆದಿಟ್ಟ. ಡೆಮೊ ಚೆನ್ನಾಗಿ ಆಯಿತು, ಎಲ್ಲರೂ ಹೋಳಿಗೆ ತಿಂದರು, ಕೀಲಿ ಅಲ್ಲೇ ಉಳಿಯಿತು. ಈಗ ಎಲ್ಲ ಪೆಟ್ಟಿಗೆಗಳಲ್ಲೂ ಅದೇ.

ಸೋಮವಾರ, ನಮ್ಮ ಕಾಪುವಿನ ಕ್ಲಿನಿಕ್ಕಿಗೆ ಬರಬೇಕಾದ ಪೆಟ್ಟಿಗೆಯಿಂದ ಕೀಲಿ ತೆಗೆದು ಕಾರ್ಕಳಕ್ಕೆ ಹೋಗಬೇಕಾದ ಪೆಟ್ಟಿಗೆಗೆ ಹಾಕಿ ನೋಡಿದೆ. ಒಳಗೆ ಹರಿಯುತ್ತಿದ್ದದ್ದೆಲ್ಲ ಓದಲು ಬಂತು. ಪರದೆಯ ಮೇಲೆ ಎಲುಬು. ರೋನಿ ಬಗ್ಗಿ ನೋಡಿ, "ಅಯ್ಯೋ, ಇದು ನನ್ನ ಮೊಣಕಾಲು ಮಾರಾಯ್ತಿ!" ಎಂದ. ಪರೀಕ್ಷೆಗೆಂದು ತನ್ನದೇ ಸ್ಕ್ಯಾನ್ ಹಾಕಿಟ್ಟಿದ್ದ. ನಾವಿಬ್ಬರೂ ನಕ್ಕೆವು, ಆಮೇಲೆ ನಗು ನಿಂತಿತು.

ನಮ್ಮ ಕಂಪೆನಿಯ ಮಾಲೀಕರು ತಾರಾನಾಥ ಸರ್ ಕೇಳಿದರು: "ಒಂದೇ ಪೆಟ್ಟಿಗೆಯ ಒಳಗೆ ಎರಡರ ನಡುವೆ ಒಂದು ಗೇಣು ದೂರ ಇಲ್ಲ. ಅಲ್ಲಿ ಎಂತ, ಕಳ್ಳ ಬಂದು ಕೂರುವುದಾ?"

"ರಿಪೇರಿಗೆ ತೆರೆದವರು ಕೂರಿಸಬಹುದು ಸರ್. ಒಂದು ಪೆಟ್ಟಿಗೆಯ ಕೀಲಿ ಸಿಕ್ಕಿದರೆ ಎಲ್ಲ ಊರಿನ ಮಕ್ಕಳದ್ದೂ ಸಿಕ್ಕಿದ ಹಾಗೆ."

"ಮುಂದಿನ ಸಲ ಸರಿ ಮಾಡುವ. ಈಗ ಪರೀಕ್ಷೆ ಆಯಿತು ಅಂತ ನಿಮ್ಮ ಹೆಸರು ಹಾಕಿ, ಸಾಕು."

ಹಾಕುವುದಿಲ್ಲ ಎಂದೆ. ನಿನ್ನೆ ಬಸ್ಸಿನ ಅವಾಂತರದಿಂದ ತಡವಾಗಿ ಓಡಿ ಬಂದವಳನ್ನು ಕೋಣೆಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿದ್ದೆ ಇಲ್ಲದ್ದಕ್ಕೆ ಹೀಗಾಗುವುದಮ್ಮ. ನನ್ನ ಹೆಂಡತಿಯೂ ಬಾಣಂತನದಲ್ಲಿ ಬಾಗಿಲು ಹಾಕಿದೆಯಾ ಅಂತ ಎದ್ದೆದ್ದು ನೋಡುತ್ತಿದ್ದಳು. ಮಗು ದೊಡ್ಡದಾಗುವವರೆಗೆ ಮನೆಯಲ್ಲಿರಿ" ಎಂದರು. ಹಾಗೆ ಮನೆಯಲ್ಲಿ ಕೂತವರನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಕಾಪುವಿಗೆ ಮರಳುವಾಗ ನನಗೇ ಸಂಶಯ ಬಂತು, ಚಿನ್ಮಯ. ಮಗುವಿನ ಉಸಿರು ನೋಡಿಸುವ ಭಯವೇ ಇದನ್ನೂ ತೋರಿಸುತ್ತಿದೆಯಾ ಎಂದು. ಇವತ್ತು ಬೆಳಿಗ್ಗೆ ಬೇಗ ಹೋಗಿ, ಪೆಟ್ಟಿಗೆಗಳನ್ನು ಆಫ್ ಮಾಡಿ, ಆನ್ ಮಾಡಿ, ಅದೇ ಕೀಲಿ ಹಾಕಿ ಮತ್ತೆ ಪ್ರಯತ್ನಿಸಿದೆ. ಮತ್ತೆ ರೋನಿಯ ಮೊಣಕಾಲು. ಭಯಕ್ಕೆ ಇನ್ನೊಬ್ಬರ ಮೊಣಕಾಲು ಕಾಣುವುದಿಲ್ಲ.

ಸರ್‌ಗೆ ಹೇಳಿ ಬಂದೆ: ಹೆಸರು ಹಾಕುವುದಿಲ್ಲ, ರಜೆಗೂ ಹೋಗುವುದಿಲ್ಲ, ಬರುವ ಸೋಮವಾರ ಪೆಟ್ಟಿಗೆಗಳು ಹೀಗೆಯೇ ಹೊರಟರೆ ಕಾರ್ಕಳದ ಡಾಕ್ಟರಿಗೆ ನಾನೇ ಹೇಳುತ್ತೇನೆ. ಆಮೇಲೆ ರೋನಿ ತಂದುಕೊಟ್ಟ ಚಹಾ ಕುಡಿದು ಮನೆಯ ಬಸ್ಸು ಹತ್ತಿದೆ.

ಇವಳು ಏಳುವ ಹೊತ್ತಾಯಿತು. ಅಲ್ಲಿ ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟದೆ ತಿರುಗಬೇಡ. ನಿನ್ನ ಮೈಗೂ ಮನಸ್ಸಿಗೂ ಏನೂ ಆಗದೆ ಇರಲಿ, ದೇವರು ನಿನ್ನ ಜೊತೆಗಿರಲಿ.

ನಿನ್ನ
ಸಮೀಕ್ಷಾ

ಮರೆತ ಬರಹ: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಹೊರಡುವಾಗ ತಾರಾನಾಥ ಸರ್ ಹೇಳಿದರು: "ಮಂಗಳವಾರ ನಿಮ್ಮ ಯಜಮಾನರಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದೂ ಅದನ್ನೇ. ಮಗು ಆದ ಮೇಲೆ ಅವಳಿಗೆ ಎಲ್ಲದಕ್ಕೂ ಹೆದರಿಕೆ, ನೀವು ತಲೆಗೆ ಹಾಕಿಕೊಳ್ಳಬೇಡಿ ಅಂತ." ಆ ಮಂಗಳವಾರ ಸಂಜೆಯೇ ನೀನು ವೀಡಿಯೊ ಕಾಲಿನಲ್ಲಿ ಬೆಕ್ಕಿನ ಹಾಗೆ ಕೂಗಿ ಮಾನ್ಯಾಳನ್ನು ನಗಿಸಿದೆ. ನನ್ನ ಹತ್ತಿರ ಏನೂ ಹೇಳಲಿಲ್ಲ. ನಾನು ಹೆದರಿದ್ದು ನಿಜವೇ. ಆದರೆ ಅವರಿಗೆ ಉತ್ತರ ಕೊಡುವ ಮೊದಲು "ಎಂತ ಕಂಡೆ ನೀನು?" ಎಂದು ಒಂದು ಮಾತು ನನ್ನನ್ನು ಕೇಳಬಹುದಿತ್ತಲ್ಲ.