ಸೊನ್ನೆ ತೋರಿಸಿದ ಹುಡುಕಾಟ

ಚಾಮರಾಜಪೇಟೆ
ಶನಿವಾರ, ೧೪ ಜೂನ್ ೨೦೨೫

ಆತ್ರೇಯ,

ಹೆಸರಿನ ಹಿಂದೆ ಮುಂದೆ ಏನು ಬರೆಯಬೇಕೋ ತಿಳಿಯಲಿಲ್ಲ, ಬರೀ ಹೆಸರು ಬರೆದಿದ್ದೇನೆ. ವಿಚ್ಛೇದನದ ಅರ್ಜಿ ಇತ್ಯರ್ಥವಾಗುವವರೆಗೂ ನೇರವಾಗಿ ಮಾತಾಡಬೇಡಿ ಎಂದು ವಕೀಲರು ಹೇಳಿದ್ದಾರೆ. ನನ್ನ ಫೋನನ್ನು ನೀನು ಎತ್ತುವುದೂ ಇಲ್ಲ. ಅದಕ್ಕೇ ಈ ಕಾಗದ, ಕ್ಲಿನಿಕ್ಕಿನ ಹುಡುಗನ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಹರಿದುಹಾಕುವುದಿದ್ದರೆ ಓದಿದ ಮೇಲೆ ಹರಿ. ಇದು ನಮ್ಮಿಬ್ಬರ ವಿಷಯವಲ್ಲ, ನಿನ್ನ ಅಮ್ಮನ ಕೈ ನಡುಕದ ವಿಷಯ.

ಅಮ್ಮ ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದಾರೆ. ದೇವಸ್ಥಾನಕ್ಕೆ ಎಂದು ನಿನಗೆ ಹೇಳಿ ಹನುಮಂತನಗರದಲ್ಲಿ ಆಟೋ ಹತ್ತುತ್ತಾರೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ಅವರನ್ನು ಬೈಯಬೇಡ. ಗುರುವಾರ ಬಂದಾಗ ಕಾಫಿ ಕೊಟ್ಟೆ. ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಕಾಫಿ ಸೀರೆಯ ಮೇಲಿತ್ತು. ಹೊರಡುವಾಗ ಮೆಟ್ಟಿಲಲ್ಲಿ ಮುಗ್ಗರಿಸಿದರು. ನಾನು ಹಿಡಿಯದೆ ಇದ್ದಿದ್ದರೆ ಸೊಂಟದ ಮೂಳೆ ಮುರಿಯುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

ತಜ್ಞರು ಪಾರ್ಕಿನ್ಸನ್ ಕಾಯಿಲೆ ಎಂದಿದ್ದಾರಂತೆ, ಸೋಮವಾರ ಅದರ ಔಷಧಿಯನ್ನು ಹೆಚ್ಚಿಸುತ್ತಾರಂತೆ. ಬೇರೆ ಏನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಬಿಪಿ, ಶುಗರ್ ಮಾತ್ರೆ ಮಾತ್ರ ಹೇಳಿದರು. ಒತ್ತಾಯ ಮಾಡಿದ ಮೇಲೆ ಚೀಲದಿಂದ ಇನ್ನೊಂದು ಸ್ಟ್ರಿಪ್ ತೆಗೆದರು.

"ಇದು ತಲೆಸುತ್ತಿಗೆ ಕಣೇ, ಆತ್ರೇಯ ಕೊಟ್ಟಿದ್ದು. ದೊಡ್ಡ ಡಾಕ್ಟ್ರಿಗೆ ಇದನ್ನೆಲ್ಲ ಏನು ಹೇಳೋದು ಅಂತ ಹೇಳ್ಲಿಲ್ಲ" ಎಂದರು. ತಲೆಸುತ್ತು ನಿಂತು ಎರಡು ವರ್ಷವಾಯಿತಂತೆ. ಮಾತ್ರೆ ಮಾತ್ರ ನಿಂತಿಲ್ಲ.

ಇದರಿಂದಲೇ ನಡುಕ ಇರಬಹುದೇ ಎಂದು ನಿನ್ನನ್ನು ಕೇಳಿದ್ದರಂತೆ. "ನನ್ನೆದುರೇ ಫೋನಲ್ಲಿ, ನೀವು ಡಾಕ್ಟ್ರುಗಳು ನೋಡೋ ಜಾಗದಲ್ಲೇ ಹುಡುಕ್ದ. ಮೇಲಿರೋ ಹೆಸರು ನೋಡ್ಕೊಂಡು ನೋಡ್ಕೊಂಡು ಹಾಕ್ದ. ಎಲ್ಲೂ ಏನೂ ಇಲ್ಲಮ್ಮ ಅಂದ" ಎಂದರು.

ಅಯ್ಯೋ ಮಹರಾಯ! ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರದಲ್ಲಿರುವುದು ಮಾತ್ರೆ ಮಾರುವ ಇಲ್ಲಿನ ಕಂಪನಿ ಇಟ್ಟ ಹೆಸರು. ಜಗತ್ತಿನ ವೈದ್ಯಕೀಯ ಲೇಖನಗಳ ಭಂಡಾರಕ್ಕೆ ಅದೇನು ಗೊತ್ತು? ಹೊರಗೆ ರೋಗಿಗಳು ಗೊಣಗುತ್ತಿದ್ದಾಗ ನಾನೂ ಮೊದಲು ಅದನ್ನೇ ಹಾಕಿದೆ. ಸೊನ್ನೆ ಬಂತು. ಇನ್ನೇನು ನಂಬಿಬಿಡುತ್ತಿದ್ದೆ. ಆಮೇಲೆ ಸ್ಟ್ರಿಪ್ ತಿರುಗಿಸಿ, ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದೆ. ಔಷಧಿಯ ಮೂಲ ಹೆಸರು ಸಿನಾರಿಜಿನ್.

ಪಾರ್ಕಿನ್ಸನ್ ಚಿಕಿತ್ಸೆ ಎಂದು ಹಾಕಿದಾಗ ಸಾವಿರಾರು ಲೇಖನ ಬಂದವು, ಎಲ್ಲವೂ ಔಷಧಿ ಎಷ್ಟು ಕೊಡಬೇಕೆಂಬುದರ ಬಗ್ಗೆ. ಕಾಯಿಲೆ ಅದೇ ಎಂದು ಒಪ್ಪಿಕೊಂಡು ಕೇಳಿದರೆ ಆ ಭಂಡಾರವೂ ಹೌದೆಂದು ತಲೆಯಾಡಿಸುತ್ತದೆ. ಅದನ್ನು ಅಳಿಸಿ, ಕಾಲೇಜಿನಲ್ಲಿ ಕಲಿಸಿದ ಹಾಗೆ ಪ್ರಶ್ನೆಯನ್ನು ಬಿಡಿಸಿದೆ. ಯಾರಿಗೆ, ಯಾವ ಔಷಧಿ, ಏನಾಯಿತು. ಔಷಧಿಯಿಂದ ಬರುವ ಪಾರ್ಕಿನ್ಸನಿಸಂ ಎಂಬ ವಿಷಯಶೀರ್ಷಿಕೆ ಅಲ್ಲೇ ಇದೆ, ಅದನ್ನು ಸೇರಿಸಿದೆ. ವಯಸ್ಸಾದವರು, ವಿಮರ್ಶಾ ಲೇಖನಗಳು ಎಂದು ಸೋಸಿದೆ. ಊಟದ ಹೊತ್ತಿನಲ್ಲಿ ಓದಿ ಮುಗಿಸುವಷ್ಟು ಉಳಿದವು.

ವಯಸ್ಸಾದವರು ಇದನ್ನು ಬಹಳ ಕಾಲ ತೆಗೆದುಕೊಂಡರೆ ಇದೇ ನಡುಕ, ಇದೇ ಬಿಗಿತ, ಇದೇ ತಡವರಿಸುವ ನಡಿಗೆ ಬರಬಹುದು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಬಹಳ ಜನರಿಗೆ ಇಳಿಯುತ್ತದೆ. ಎಲ್ಲರಿಗೂ ಅಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ನೀನು ತಪ್ಪು ಮಾಡಿದ್ದೀಯೆಂದು ತೋರಿಸುವುದು ಈಗ ನನಗೆಷ್ಟು ಅನುಕೂಲ! ಹಾಗಾಗಿ ನನ್ನ ಮೇಲೆ ನನಗೇ ಅನುಮಾನ ಬಂತು. ನನ್ನ ಮಾತಿಗೆ ವಿರುದ್ಧವಾದದ್ದನ್ನೂ ಹುಡುಕಿದೆ. ಕೆಲವರಲ್ಲಿ ನಿಜವಾದ ಕಾಯಿಲೆಯೇ ಒಳಗಿದ್ದು, ಮಾತ್ರೆ ಬಿಟ್ಟರೂ ನಡುಕ ಉಳಿಯುತ್ತದಂತೆ. ಆ ಲೇಖನವನ್ನೂ ಇದರ ಜೊತೆ ಇಟ್ಟಿದ್ದೇನೆ. ಅಮ್ಮನದು ಯಾವುದೆಂದು ಆ ಮಾತ್ರೆ ನಿಲ್ಲಿಸಿ ನೋಡದೆ ನಿನಗೂ ಗೊತ್ತಾಗುವುದಿಲ್ಲ, ನನಗೂ ಇಲ್ಲ.

ಸೋಮವಾರ ಔಷಧಿ ಹೆಚ್ಚಿಸುವ ಮೊದಲು ಆ ಸ್ಟ್ರಿಪ್ಪನ್ನು ತಜ್ಞರಿಗೆ ತೋರಿಸು. ನೀನೇ ಕೊಟ್ಟೆ ಎಂದು ಹೇಳಲು ಸಂಕೋಚವಾದರೆ ಮನೆಯಲ್ಲಿ ಸಿಕ್ಕಿತು ಎನ್ನು, ನಾನೇನೂ ಬಂದು ಸಾಕ್ಷಿ ಹೇಳುವುದಿಲ್ಲ. ಈ ಕಾಗದದ ವಿಷಯ ನನ್ನ ವಕೀಲರಿಗೂ ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚು ಬೇಡಿಕೊಳ್ಳಲು ನನಗೆ ಬರುವುದಿಲ್ಲ.

ಇಂತಿ,
ಸುಪ್ರಜಾ

ವಿ.ಸೂ.: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಗುರುವಾರವೇ ಆ ಮಾತ್ರೆ ಬಿಡಿ ಎಂದು ಅಮ್ಮನಿಗೆ ಹೇಳಿದೆ. ಒಪ್ಪಲಿಲ್ಲ. "ಮಿಕ್ಕಿದ್ದೆಲ್ಲ ನಾನೇ ತೊಗೋತೀನಿ. ಇದೊಂದನ್ನ ದಿನಾ ಬೆಳಿಗ್ಗೆ ಅವನೇ ಕೈಗಿಟ್ಟು, ನುಂಗೋವರ್ಗೂ ಪಕ್ಕದಲ್ಲಿ ಕೂತಿರ್ತಾನೆ. ನೀನು ಹೋದ್ಮೇಲೆ ಅವನು ನನ್ ಹತ್ರ ಕೂರೋದು ಅಷ್ಟೇ ಹೊತ್ತು ಕಣೇ. ಅದನ್ನೂ ತಪ್ಪಿಸ್ಬೇಡ" ಎಂದರು. ಆತ್ರೇಯ, ಮಾತ್ರೆ ನಿಲ್ಲಿಸು. ಕೂರುವುದನ್ನು ನಿಲ್ಲಿಸಬೇಡ.