ಸೋಮವಾರ ಬೆಳಗಿನ ತಿಂಡಿ

ಬಾಗಲಗುಂಟೆ,
ಮಾರ್ಚ್ 2, 2026

ಪ್ರೀತಿಯ ಯಜಮಾನರಿಗೆ,

ಶ್ರೀರಂಜನಿಯ ನಮಸ್ಕಾರಗಳು. ಆರೋಗ್ಯವಾಗಿದ್ದೀರಾ? ಕೆಮ್ಮು ಕಡಿಮೆಯಾಯಿತೇ? ಶೆಫೀಲ್ಡಿನ ಚಳಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀರೋ, ಇಲ್ಲ ಅದನ್ನೂ ಹೆಲೆನ್ನೇ ನೋಡಿಕೊಳ್ಳುತ್ತಾಳೋ? ಫೋನಿನಲ್ಲಾದರೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀರಿ. ಅದಕ್ಕೇ ಈ ಕಾಗದ. ಬೇಕಾದರೆ ಹರಿದು ಹಾಕಿ, ಆದರೆ ಓದದೆ ಹರಿಯುವಷ್ಟು ಧೈರ್ಯ ನಿಮಗಿಲ್ಲ.

ಇಲ್ಲಿ ನಾನು, ಅತ್ತೆ, ಅನುರಾಗ್ ಮೂವರೂ ಚೆನ್ನಾಗಿದ್ದೇವೆ. ವೈಶಾಖದಲ್ಲಿ ಅನುರಾಗನ ಮುಂಜಿಗೆ ಬಂದೇ ಬರುತ್ತೇನೆ, ಗಾಯತ್ರಿಯನ್ನು ನಾನೇ ಉಪದೇಶ ಮಾಡಬೇಕು, ಇರುವವನು ಒಬ್ಬ ಮಗ ಎಂದು ಪ್ರತಿ ಸಲವೂ ಹೇಳುತ್ತೀರಿ. ಬೇರೆ ಯಾವುದಕ್ಕೂ ಆಗದ ಈ ಮನೆಯ ನೆನಪು ನಿಮಗೆ ಅದೊಂದಕ್ಕೆ ಆಗುತ್ತದೆ, ಸಂತೋಷ. ಮುಂಜಿಯ ವಿಷಯ ಇರಲಿ, ಮೊದಲು ತಿಂಡಿಯ ವಿಷಯ ಹೇಳುತ್ತೇನೆ.

ನೀವು ಫೋಟೊ ಕಳಿಸಿದ್ದ ಬಬಲ್ ಅಂಡ್ ಸ್ಕ್ವೀಕ್ ಮಾಡಿದೆ ಕಣ್ರೀ. ಭಾನುವಾರ ಊಟಕ್ಕೆ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಜೊತೆಗೆ ಬೆಂದ ಎಲೆಕೋಸು, ಉಳಿದದ್ದನ್ನೆಲ್ಲ ಸೋಮವಾರ ಬೆಳಿಗ್ಗೆ ಕಿವುಚಿ, ಬೆಣ್ಣೆ ಹಾಕಿ, ತವದ ಮೇಲೆ ತಟ್ಟಿ ಕೆಂಪಗೆ ಬೇಯಿಸುವುದು. ಹೆಲೆನ್ ಕೈರುಚಿಯೇ ಬೇರೆ, ನೀನೂ ಕಲಿ ಎಂದು ಬರೆದಿದ್ದಿರಲ್ಲ. ಕಲಿತೆ. ಎರಡು ವಾರದ ಹಿಂದೆ ಭಾನುವಾರ ಬೇಕೆಂದೇ ಹೆಚ್ಚು ತರಕಾರಿ ಬೇಯಿಸಿ ಉಳಿಸಿದೆ. ಮರುದಿನ ತವದ ಮೇಲೆ ತಟ್ಟಿದಾಗ ಎಲೆಕೋಸು ಚೊಯ್ ಎಂದಿತು, ಅಂಚು ಗರಿಗರಿಯಾಯಿತು. ಹಸಿಮೆಣಸಿನಕಾಯಿಗೆ ಕೈ ಹೋಯಿತು, ತಡೆದುಕೊಂಡೆ. ನಿಮ್ಮ ನಾಲಗೆ ಈಗ ಎಷ್ಟು ಸಪ್ಪೆಗೆ ಒಗ್ಗಿದೆ ಎಂದು ತಿಳಿಯಬೇಕಿತ್ತು.

ಅಲ್ಲ ರೀ, ಅದು ತಂಗಳು ತಾನೇ? ಮದುವೆಯಾದ ಹೊಸತರಲ್ಲಿ ರಾತ್ರಿಯ ಹುಳಿಯನ್ನು ಬೆಳಿಗ್ಗೆ ಬಿಸಿ ಮಾಡಿ ಬಡಿಸಿದ್ದಕ್ಕೆ ತಟ್ಟೆ ಎಸೆದವರು ನೀವು. ನಾನು ಗೋಡೆ ಒರೆಸುತ್ತಿದ್ದರೆ ಅತ್ತೆ ಹಿಂದೆ ನಿಂತು, ನನ್ನ ಮಗ ತಂಗಳು ತಿನ್ನುವಷ್ಟು ಗತಿಗೆಟ್ಟಿಲ್ಲ ಎಂದಿದ್ದರು. ಅಂದಿನಿಂದ ಉಳಿದದ್ದನ್ನೆಲ್ಲ ಅಡುಗೆಮನೆಯ ಮೂಲೆಯಲ್ಲಿ ಕೂತು ತಿಂದವಳು ನಾನೊಬ್ಬಳೇ. ಈಗ ನೀವು ಯಾರದೋ ಮನೆಯ ತಂಗಳಿಗೆ ಬಾಯಿ ಚಪ್ಪರಿಸುತ್ತೀರಿ. ಪೀಣ್ಯದ ಕಾರ್ಖಾನೆಯವರು ಯಂತ್ರ ಜೋಡಿಸಲು ಕಳಿಸಿದಾಗ ಇರಲು ರೂಮನ್ನೂ ಕೊಟ್ಟಿದ್ದರು. ಭಾನುವಾರ ಉಂಡ ಮನೆಯಲ್ಲೇ ಸೋಮವಾರ ಬೆಳಿಗ್ಗೆ ತಿಂಡಿ ತಿಂದವರು ನಡುವಿನ ರಾತ್ರಿ ಎಲ್ಲಿದ್ದಿರಿ ಎಂದು ಫೋನಿನಲ್ಲಿ ಕೇಳಿದೆ. ಇಲ್ಲ ಎನ್ನಲಿಲ್ಲ ನೀವು. “ಚಳಿ ದೇಶ ಕಣೇ, ನಿನಗೆ ಅರ್ಥ ಆಗಲ್ಲ,” ಎಂದಿರಿ.

ಅತ್ತೆ ಅದನ್ನು ತಿಂದು, ಚೆನ್ನಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡರು. ಆಗ ಹೇಳಿದೆ, ನಿನ್ನೆಯದು ಎಂದು. ಕೈ ತಟ್ಟೆಯಲ್ಲೇ ನಿಂತಿತು. ಫೋಟೊ ತೋರಿಸಿದೆ. ಹೆಲೆನ್ ವಿಷಯವನ್ನೂ ಹೇಳಿದೆ. ನಿಧಾನವಾಗಿ, ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ. ಅವರ ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕಿತ್ತು ನನಗೆ, ನೋಡಿದೆ. ಅವರು ಕೇಳಿದ್ದು ಒಂದೇ ಮಾತು, ಇದನ್ನು ಅವನು ತಿಂದನಾ ಎಂದು. ಕೇಳಿ ಕೇಳಿ ಹಾಕಿಸಿಕೊಂಡು ತಿಂತಾರಂತೆ ಎಂದೆ. ಅತ್ತೆ ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿದರು, ಎದ್ದು ಕೈ ತೊಳೆದರು, ಪುರೋಹಿತರಿಗೆ ಫೋನ್ ಮಾಡಿಕೊಡು ಎಂದರು. ಈ ಮನೆಗೆ ಬಂದ ಮೇಲೆ ಮೊದಲ ಸಲ ನಾವಿಬ್ಬರೂ ಅಡುಗೆಮನೆಯಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿದೆವು. ನೀವು ಇಲ್ಲಿದ್ದಾಗ ಅದು ಆಗಿರಲಿಲ್ಲ.

ಅನುರಾಗ್ ನಿಮಗೆ ನಮಸ್ಕಾರ ತಿಳಿಸಿದ್ದಾನೆ ಎಂದು ಬರೆಯುವುದು ವಾಡಿಕೆ. ಅವನು ತಿಳಿಸಿಲ್ಲ. ಅತ್ತೆಯ ಆಶೀರ್ವಾದವನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೈ ಜೋಪಾನ.

ಕಾಗದದ ಮೇಲೆ ಇನ್ನೂ ನಿಮ್ಮವಳೇ,
ಶ್ರೀರಂಜನಿ

ತಾ.ಕ.: ಅಂಚೆಗೆ ಹಾಕಲು ಹೊರಟಿದ್ದೇನೆ, ಮುಂಜಿಯ ವಿಷಯ ಬಿಟ್ಟೇಹೋಯಿತು. ವೈಶಾಖಕ್ಕೆ ಕಾಯಲಿಲ್ಲ. ಹೋದ ಗುರುವಾರ ದೇವಸ್ಥಾನದಲ್ಲಿ ಮುಗಿಸಿದೆವು. ನಮ್ಮಣ್ಣ ಶಶಿಕುಮಾರ್ ಮಣೆಯ ಮೇಲೆ ಕೂತು ಉಪದೇಶ ಮಾಡಿದ. ತಂದೆ ಇರುವಾಗ ಸೋದರಮಾವ ಕೂರುವುದು ಹೇಗೆ ಎಂದು ಪುರೋಹಿತರು ಅನುಮಾನಿಸಿದರು. ಉತ್ತರ ಕೊಟ್ಟವರು ಅತ್ತೆ. “ಅಪ್ಪ ಇಲ್ಲದ ಮಗೂಗೆ ಹೇಗೆ ಮಾಡ್ತೀರೋ, ಹಾಗೇ ಮಾಡಿ.” ಅವರು ಹಾಗೆಯೇ ಮಾಡಿದರು.