ಶುದ್ಧ ಕನ್ನಡದ ಜಾಮೀನು

ನ್ಯಾಮತಿ
ಶುಕ್ರವಾರ, 21-11-2025

ಪ್ರೀತಿಯ ದುರುಗಕ್ಕಾ,

ಬಿಸಿಯೂಟದ ಹಂಡೆಯ ಹಿಂದೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತಿಗಳಾದ ತೀರ್ಪುಗಾರರೇ, ಗಂಟೆಯ ಮೇಲೆ ಕೈಯಿಟ್ಟು ಕಾದಿರುವ ಸಮಯಪಾಲಕರೇ, ಎದುರಾಳಿ ತಂಡದ ಏಕೈಕ ಸದಸ್ಯರಾದ ಭಾವ ಓಂಕಾರಪ್ಪನವರೇ! ಇಂದಿನ ಚರ್ಚೆಯ ವಿಷಯ: ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಸೈಟನ್ನು ನಂಬಬಹುದೇ? ನಾನು ಇದರ ವಿರುದ್ಧವಾಗಿ ಎರಡು ಮಾತು ಹೇಳಲು ನಿಂತಿದ್ದೇನೆ.

ನಗು ಬಂತೇನಕ್ಕ? ಹೊನ್ನಾಳಿ ಕಾಲೇಜಿನ ಚರ್ಚಾಸ್ಪರ್ಧೆಗೆ ಮುಂಚೆ ಇದನ್ನೆಲ್ಲ ನಿನ್ನ ಮುಂದೆಯೇ ಒಪ್ಪಿಸುತ್ತಿದ್ದೆ. ನೀನು ಪರರ ಖಾರದಪುಡಿ ಗಿರಣಿಯಲ್ಲಿ ದುಡಿದು ಬಂದು, ಉರಿಯುವ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೇಳುತ್ತಿದ್ದೆ. ಅರ್ಥವಾಯಿತಾ ಎಂದರೆ 'ಏನೋಪ್ಪ, ಕೇಳಾಕೆ ಚೆಂದ ಐತೆ' ಅನ್ನುತ್ತಿದ್ದೆ. ಈಗ ಕೆಮ್ಮು ಹೇಗಿದೆ? ಶಾಲೆಯಲ್ಲಿ ಗ್ಯಾಸ್ ಒಲೆ ಸರಿಯಾಯಿತೋ, ಇನ್ನೂ ಸೌದೆಯ ಹೊಗೆಯೇ ಗತಿಯೋ? ಅರ್ಪಿತಾಳ ಪರೀಕ್ಷೆ ಮುಗಿಯಿತೇ? ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಟೈಪಿಂಗ್ ಅಂಗಡಿ ಎಂದಿನಂತೆ ಕರೆಂಟ್ ಇದ್ದಾಗ ಖಾಲಿ, ಜನ ಬಂದಾಗ ಕರೆಂಟ್ ಇಲ್ಲ. ಮಾಲಾ ಮಾತ್ರ ಎರಡು ದಿನದಿಂದ ಕೇಳುತ್ತಿದ್ದಾಳೆ, 'ಏನ್ರೀ, ಕುಂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ಹೊಟ್ಟೆಗಿಟ್ಟೆ ಕೆಟ್ಟೈತಾ?' ಹೊಟ್ಟೆ ನೆಟ್ಟಗಿದೆ. ಈ ಪತ್ರ ಬರೆಯುವುದು ಇದು ಮೂರನೇ ಸಲ. ಇವತ್ತು ಬೆಳಿಗ್ಗೆ ಇದೇ ಯೋಚನೆಯಲ್ಲಿ ಸವಳಂಗದವರೊಬ್ಬರ ಮನೆ ಬಾಡಿಗೆ ಕರಾರಿನಲ್ಲಿ ಮಾಲೀಕರನ್ನು ಬಾಡಿಗೆದಾರರನ್ನಾಗಿ ಮಾಡಿಬಿಟ್ಟೆ. ಅವರು ಸಹಿ ಹಾಕುವ ಮೊದಲೇ ಓದಿದರು. ಎಲ್ಲರೂ ಹಾಗೆ ಓದುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕದೆ ಮಾತಾಡುವವಳಲ್ಲ, ಭಾವ ಪಕ್ಕದಲ್ಲಿ ಕೂರದೆ ಇರುವವರಲ್ಲ. ಮಂಗಳವಾರ ನೀನು ಕೇಳಿದ್ದು ಇಷ್ಟು: ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿ ನೀನು ಅಂಚೆ ಕಚೇರಿಯಲ್ಲಿ ಕೂಡಿಟ್ಟದ್ದನ್ನು ಭಾವ ಆ ಸೈಟಿಗೆ ಹಾಕಬೇಕೆನ್ನುತ್ತಾರೆ. ಖಾತೆ ನಿನ್ನ ಹೆಸರಿನಲ್ಲಿರುವುದರಿಂದ ಸೋಮವಾರ ನಿನ್ನ ಸಹಿ ಬೇಕು. ಆ ಹಣದಲ್ಲಿ ನೀನು ಸ್ವಂತ ಖಾರದಪುಡಿ ಗಿರಣಿ ಹಾಕಬೇಕೆಂದಿದ್ದೆ. ಭಾವ ಒಂದಕ್ಕೆ ಎರಡು ಗಿರಣಿ ಹಾಕಿಸುತ್ತೇನೆನ್ನುತ್ತಾರೆ. 'ಬೆನಕ, ನೀನು ಓದಿದೋನು. ಚೆಂದಗೆ ನೋಡಿ ಹೇಳು. ನೀನು ಹೂಂ ಅಂದ್ರೆ ಸಹಿ ಹಾಕ್ತೀನಿ, ಊಹೂಂ ಅಂದ್ರೆ ಇಲ್ಲ' ಎಂದೆ. ನನ್ನ ಓದಿಗೆ ಇಷ್ಟು ಬೆಲೆ ಕಟ್ಟಿದವರು ಈ ಜಿಲ್ಲೆಯಲ್ಲಿ ನೀನೊಬ್ಬಳೇ.

ಆದ್ದರಿಂದ ನೋಡಿದೆ. ಬುಧವಾರ, ಗುರುವಾರ ಎರಡು ದಿನ ಅಂಗಡಿಯಲ್ಲಿ ಕೂತು ಬೇರೆ ಕೆಲಸ ಬಿಟ್ಟು ಅದನ್ನೇ ನೋಡಿದೆ. ಮೊದಲು ವಿಳಾಸ ಹುಡುಕಿದೆ. ಯಾವುದೋ ಸಮುದ್ರದ ನಡುವಿನ ನಡುಗಡ್ಡೆ ಅಂತ ಬರೆದಿದ್ದಾರೆ. ನಕ್ಷೆಯಲ್ಲಿ ಅದು ನೊಣ ಕೂತು ಎದ್ದುಹೋದಷ್ಟಿದೆ. ನಮ್ಮ ಬಸ್‌ಸ್ಟ್ಯಾಂಡಿನ ಕಬ್ಬಿನಹಾಲಿನ ಗಾಡಿಯವನಿಗೂ ಬೇವಿನ ಮರದ ಕೆಳಗೆ ಅಂತ ಒಂದು ವಿಳಾಸ ಇದೆ, ಹಾಲು ಕೆಟ್ಟಿದ್ದರೆ ಹೋಗಿ ಬೈಯಬಹುದು. ಆಮೇಲೆ ಲೈಸೆನ್ಸು. ಪುಟದ ಕೆಳಗೆ ಬಂಗಾರದ ಬಣ್ಣದ ಮುದ್ರೆ ಇದೆ. ಅದರ ಮೇಲೆ ಒತ್ತಿದರೆ ಲೈಸೆನ್ಸ್ ಕೊಟ್ಟವರ ಪುಟ ತೆರೆಯಬೇಕಂತೆ. ಒತ್ತಿದೆ, ಒತ್ತಿದೆ, ಬೆರಳು ಸವೆಯಿತೇ ಹೊರತು ಬಾಗಿಲು ತೆರೆಯಲಿಲ್ಲ. ಅದು ಬರೀ ಚಿತ್ರ, ಹಿಂದೆ ಯಾರೂ ಇಲ್ಲ ಹತ್ರ. ಹಣ ಕಟ್ಟಿ ಆಡುವ ಆಟಗಳನ್ನು ಸರ್ಕಾರ ಈ ವರ್ಷ ನಿಷೇಧಿಸಿದೆ. ಇವರು ಅಲ್ಲಿಂದೀಚೆಗೆ ಎರಡು ಸಲ ಹೆಸರು ಬದಲಾಯಿಸಿಕೊಂಡಿದ್ದಾರೆ. ಹೊಸ ಹೆಸರಿನ ಕೆಳಗೂ 'ಇಪ್ಪತ್ತು ವರ್ಷಗಳ ನಂಬಿಕೆ' ಅಂತಲೇ ಇದೆ.

ಇನ್ನು ಭಾವ ಹೇಳುವ ಆ ಪುಕ್ಕಟೆ ಹಣ. ಐನೂರು ಹಾಕಿದರೆ ಇನ್ನೈನೂರು ಅವರೇ ಕೊಡುತ್ತಾರೆ, ನಿಜ. ಆದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಷರತ್ತು ಇದೆ. ಆ ಹಣದ ಮೂವತ್ತೈದು ಪಟ್ಟು ಆಟಕ್ಕೆ ಕಟ್ಟಿ ಮುಗಿಸುವವರೆಗೆ ಒಂದು ಪೈಸೆಯೂ ವಾಪಸ್ ಇಲ್ಲ. ಮದುವೆಮನೆಗೆ ಊಟಕ್ಕೆ ಕರೆದು, ಉಂಡವರು ಮೂವತ್ತೈದು ಪಂಕ್ತಿ ಬಡಿಸಿಯೇ ಮನೆಗೆ ಹೋಗಬೇಕು ಅಂದ ಹಾಗೆ. ನಾನು ಪುಕ್ಕಟೆಯದನ್ನು ಬೇಡವೆಂದು ನನ್ನದೇ ಐನೂರು ಹಾಕಿದೆ. ಅರ್ಧ ಗಂಟೆಯಲ್ಲಿ ಸಾವಿರದೆಂಟುನೂರಾಯಿತು. ನಿನ್ನ ಹತ್ತಿರ ಸುಳ್ಳೇಕೆ, ಪರದೆಯಿಂದ ಕಣ್ಣು ಕೀಳಲಿಲ್ಲ, ಎದುರಿಗಿದ್ದ ಚಹಾ ಆರಿ ಕೆನೆ ಕಟ್ಟಿತು. ವಾಪಸ್ ಕೇಳಿದೆ. ಆಧಾರ್ ಕಾರ್ಡ್ ಕೇಳಿದರು, ಕೊಟ್ಟೆ. ಕಾರ್ಡ್ ಹಿಡಿದ ಫೋಟೋ ಕೇಳಿದರು, ಕಳ್ಳನ ಹಾಗೆ ಹಿಡಿದು ನಿಂತೆ. ನನ್ನ ಹೆಸರಿನ ಕರೆಂಟ್ ಬಿಲ್ ಕೇಳಿದರು. ಬಿಲ್ಲು ಇವತ್ತಿಗೂ ಅಪ್ಪನ ಹೆಸರಿನಲ್ಲಿದೆ ಎಂದು ಬರೆದರೆ, 'ಪ್ರಿಯ ಗ್ರಾಹಕರೇ, ನಿಮ್ಮ ತಂದೆಯವರನ್ನು ಸಂಪರ್ಕಿಸಲು ಹೇಳಿ' ಎಂಬ ಉತ್ತರ ಬಂತು. ಹನ್ನೊಂದು ವರ್ಷದ ಹಿಂದೆ ಹೋದ ಅಪ್ಪನನ್ನು ಕರೆಸುವಷ್ಟು ದೊಡ್ಡ ಮೊತ್ತವೇನೂ ಅಲ್ಲ. ಕೊನೆಗೆ, ಇನ್ನೆರಡು ಸಾವಿರ ಕಟ್ಟಿದರೆ ಖಾತೆ ಬಿಡುಗಡೆಯಾಗುತ್ತದೆ ಎಂದರು. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಜಾವೀದ್ ಇದನ್ನೆಲ್ಲ ನೋಡಿ, 'ಹಾಕಾಕೆ ಒಂದೇ ಒತ್ತು, ತೆಗೆಯಾಕೆ ಹೋದ್ರೆ ಕುತ್ತು. ಅಂಥ ಅಂಗಡಿಗೆ ಯಾಕ್ರೀ ಹೋಗ್ತೀರಿ ಸಾರ್?' ಎಂದ. ಪ್ರಾಸದಲ್ಲಿ ಅವನು ನನ್ನನ್ನೇ ಮೀರಿಸಿದ ಸಂಕಟ ಬೇರೆ.

ಉಳಿದದ್ದು ಭಾವನ ದೊಡ್ಡ ಸಾಕ್ಷಿ. ಮೊಬೈಲಿನಲ್ಲಿ ಅವರು ನಿನಗೆ ಓದಿ ಹೇಳಿದ ಆ ವಿಮರ್ಶೆ, ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟದ್ದು. 'ಕೊಡುವುದೂ ಸಲೀಸು, ಪಡೆಯುವುದೂ ಸಲೀಸು. ಇಲ್ಲಿ ಬೇಕಿಲ್ಲ ವಕೀಲ, ಬೇಕಿಲ್ಲ ಪೊಲೀಸು.' ಫೋನಿನಲ್ಲಿ ಅವರು ಅದನ್ನು ನನಗೂ ಬಾಯಿಪಾಠ ಒಪ್ಪಿಸಿದರು. 'ನೋಡೋ ಬೆನಕಪ್ಪ, ಬ್ಯಾರೆ ಕಡೆಯೆಲ್ಲ ಹರಕು ಮುರುಕು ಕನ್ನಡ, ಮಿಷನ್ನು ಬರೆದಂಗೆ. ಇವನದು ಹೆಂಗೈತೆ ನೋಡು, ಒಂದು ಒತ್ತಕ್ಷರ ತಪ್ಪಿಲ್ಲ. ಇಷ್ಟು ಶುದ್ಧವಾಗಿ ಬರೆಯಾಕೆ ಬರೋನಿಗೆ ಮೋಸ ಮಾಡಾಕೆ ಬರಲ್ಲ' ಎಂದರು. ಭಾವ ಮೂರ್ಖರಲ್ಲ ಅಕ್ಕ. ವಿಳಾಸ ಇಲ್ಲದ, ಮುಖ ಇಲ್ಲದ ಕಡೆ ಮನುಷ್ಯ ಎಲ್ಲಾದರೂ ನಮ್ಮವರ ದನಿ ಕೇಳೀತೇ ಎಂದು ಕಿವಿಗೊಡುತ್ತಾನೆ. ಅವರಿಗೆ ಕೇಳಿತು, ನಂಬಿದರು. ಆದರೆ ಅಂಥ ವಿಮರ್ಶೆಗಳನ್ನು ಸೈಟಿನವರೇ ದುಡ್ಡು ಕೊಟ್ಟು ಬರೆಸುತ್ತಾರೆ. ಬರೆಯುವವನಿಗೆ ನಕ್ಷತ್ರ ಎಷ್ಟು ಕೊಡಬೇಕೆಂದು ಮೊದಲೇ ಹೇಳಿರುತ್ತಾರೆ, ಅವನು ಸುತ್ತ ಮಾತು ಪೋಣಿಸುತ್ತಾನೆ. ಅವನೂ ಯಾರೋ ಬಡಪಾಯಿ ಇರಬೇಕು. ಕನ್ನಡ ಓದಿ, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ವಯಸ್ಸು ಮೀರಿದವನು. ಅವನನ್ನು ಬೈಯುವುದು ಬೇಡ. ಬೈದರೂ ತಪ್ಪಿಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು: ಊಹೂಂ. ಭಾವನಿಗೆ ಸಿಟ್ಟು ಬರುತ್ತದೆ, 'ನಿನ್ನ ತಮ್ಮನಿಗೇನು ಗೊತ್ತು, ಬರೆದೋನು ಅವನಿಗಿಂತ ತಿಳಿದೋನು' ಎನ್ನುತ್ತಾರೆ. ಅದಕ್ಕೆ ನಿನ್ನ ಹತ್ತಿರ ಉತ್ತರ ಇರಬೇಕಲ್ಲ ಎಂದೇ ಇಷ್ಟುದ್ದ ಬರೆದೆ. ನಿನಗೂ ಭಾವನಿಗೂ ನಮಸ್ಕಾರ. ಅರ್ಪಿತಾಳಿಗೆ ಮಾವನ ಆಶೀರ್ವಾದ, ಹಾಗೂ ತಲೆಗೊಂದು ಮೊಟಕು. ಮಾಲಾ ನಿನಗೆ ಮೆಂತ್ಯದ ಹಿಟ್ಟು ಕಳಿಸಿದ್ದಾಳೆ, ಕೆಮ್ಮಿಗೆ ಅಲ್ಲ, ಮೊಣಕಾಲಿಗೆ.

ನಿನ್ನ ತಮ್ಮ,
ಬೆನಕಪ್ಪ

ತಾ.ಕ.: ಜಾವೀದ್ ಜಗಳೂರಿನ ಅತ್ತೆಮನೆಗೆ ಹೊರಟು ಬೈಕ್ ಚಾಲೂ ಮಾಡಿದ್ದಾನೆ, ದಾರಿಯಲ್ಲಿ ನಿಮ್ಮ ಶಾಲೆಗೇ ಬಂದು ಈ ಪತ್ರ ನಿನ್ನ ಕೈಗೆ ಕೊಡುತ್ತಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. 'ಯಾರೋ ಬಡಪಾಯಿ' ಅಂದೆನಲ್ಲ, ಯಾರೋ ಅಲ್ಲ. ಎರಡು ವರ್ಷದಿಂದ ಒಂದಕ್ಕೆ ಮುನ್ನೂರರಂತೆ ಅಂಥ ವಿಮರ್ಶೆಗಳನ್ನು ಬರೆಯುತ್ತಿದ್ದೇನೆ. ಮಾಲಾಗೂ ಗೊತ್ತಿಲ್ಲ. ನಾಲ್ಕೂವರೆ ನಕ್ಷತ್ರ ನಾನೇ ಕೊಟ್ಟಿದ್ದು. ಮಂಗಳವಾರ ನೀನು ಕೇಳುವವರೆಗೆ ಆ ಸೈಟನ್ನು ತೆರೆದೂ ನೋಡಿರಲಿಲ್ಲ. ಸಹಿ ಹಾಕಬೇಡ ಅಕ್ಕ. ಭಾವ ಒಪ್ಪದಿದ್ದರೆ ಈ ಕೊನೆಯ ಸಾಲುಗಳನ್ನು ಅವರ ಕೈಗೇ ಕೊಟ್ಟು ಓದಿಸು. ಕನ್ನಡ ಯಾರದೆಂದು ಅವರಿಗೆ ಗೊತ್ತಾಗುತ್ತದೆ.